ಚರಾಕ್ಷರ, ಅವ್ಯಕ್ತ ಎರಡೂ ಒಂದೇ ಏನು? ಏಳನೆಯ ತರಗತಿಯ ಬೀಜಗಣಿತದ ಪದಗಳ ಬಗ್ಗೆ ಒಂದು ಸಂದೇಹ

ಶರಾವತಿ_ತೀರ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಕೂಡುವುದು, ಕಳೆಯುವುದು, ಭಿನ್ನರಾಶಿ ಎಲ್ಲದರಲ್ಲೂ ಚುರುಕಾಗಿದ್ದವಳು ಬೀಜಗಣಿತ ಶುರುವಾದಂದಿನಿಂದ ಗಣಿತದ ಪುಸ್ತಕ ತೆರೆಯಲು ಹಿಂಜರಿಯುತ್ತಿದ್ದಾಳೆ. ನಿನ್ನೆ ಅವಳ ನೋಟ್‌ಬುಕ್ಕಿನಲ್ಲಿ 3ಕ + 2ಖ = 5ಕಖ ಎಂದು ಬರೆದಿದ್ದನ್ನು ಕಂಡೆ. (ಪುಸ್ತಕದಲ್ಲಿರುವುದು ಎಕ್ಸ್, ವೈ. ಇಲ್ಲಿ ಬರೆಯುವ ಅನುಕೂಲಕ್ಕಾಗಿ ಕ, ಖ ಎನ್ನುತ್ತೇನೆ.)

ಅದು ತಪ್ಪೆಂದು ಹೇಳಿದೆ, ಆದರೆ ಏಕೆ ತಪ್ಪು ಎಂದು ಹೇಳಲು ಹೊರಟಾಗ ನನಗೇ ಮಾತು ಸಿಗಲಿಲ್ಲ. ಅಷ್ಟರಲ್ಲಿ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: “ಚರಾಕ್ಷರ ಅಂದರೆ ಬೆಲೆ ಬದಲಾಗುವಂಥದ್ದು ಎಂದು ಪುಸ್ತಕದಲ್ಲಿದೆ. ಆದರೆ 2ಕ + 3 = 11 ಎಂದಾಗ ಕ ಯಾವಾಗಲೂ 4 ತಾನೇ? ಬದಲಾಗುವುದು ಎಲ್ಲಿ ಬಂತು?” ನನಗೆ ಉತ್ತರ ತಿಳಿಯಲಿಲ್ಲ. ಚರಾಕ್ಷರ, ಸ್ಥಿರಾಂಕ, ಸಹಗುಣಕ, ಬೀಜೋಕ್ತಿ, ಸಮೀಕರಣ, ಸಜಾತಿ ಪದ, ಈ ಶಬ್ದಗಳನ್ನೆಲ್ಲ ಮಗುವಿಗೆ ಅರ್ಥವಾಗುವಂತೆ ಹೇಗೆ ಹೇಳಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಿ.

ಬಯಲುಸೀಮೆಯವ
ನಿಮ್ಮ ಮಗಳ ಪ್ರಶ್ನೆ ಪುಸ್ತಕದ ವ್ಯಾಖ್ಯೆಗಿಂತ ಚೆನ್ನಾಗಿದೆ. ಅವಳಿಗೆ ಬೀಜಗಣಿತ ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ.

ನಿವೃತ್ತ_ಮೇಷ್ಟ್ರು
ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. 3ಕ + 2ಖ = 5ಕಖ ಎಂಬ ತಪ್ಪನ್ನು ಪ್ರತಿ ವರ್ಷವೂ ನೋಡಿದ್ದೇನೆ, ಮತ್ತು ಅದರ ಬೇರು ಬಹುಮಟ್ಟಿಗೆ ನಮ್ಮ ಬೋಧನೆಯಲ್ಲೇ ಇದೆ. ಮೊದಲ ದಿನವೇ ನಾವು “ಮ ಅಂದರೆ ಮಾವಿನಹಣ್ಣು, ಬ ಅಂದರೆ ಬಾಳೆಹಣ್ಣು, 3ಮ + 2ಬ ಅಂದರೆ ಮೂರು ಮಾವು ಎರಡು ಬಾಳೆ” ಎಂದು ಹೇಳಿಬಿಡುತ್ತೇವೆ. ಮಗು ತಲೆಯಲ್ಲೇ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ, ಒಟ್ಟು ಐದು ಹಣ್ಣು ಎಂದುಕೊಂಡು 5ಮಬ ಎಂದು ಬರೆಯುತ್ತದೆ. ನಾವು ಹೇಳಿಕೊಟ್ಟ ಹಾಗೆಯೇ ಅದು ಯೋಚಿಸಿದೆ.

ಅಕ್ಷರವು ವಸ್ತುವಿನ ಹೆಸರಲ್ಲ, ಸಂಖ್ಯೆಯ ಬದಲಿಗೆ ನಿಂತಿರುವ ಗುರುತು. ಮ ಎಂದರೆ ಮಾವಲ್ಲ, ಒಂದು ಮಾವಿನ ಬೆಲೆ. ಮಾವು 10 ರೂಪಾಯಿ, ಬಾಳೆ 4 ರೂಪಾಯಿ ಎಂದಿಟ್ಟುಕೊಳ್ಳಿ. 3ಮ + 2ಬ ಎಂದರೆ 30 + 8, ಅಂದರೆ 38 ರೂಪಾಯಿ. 5ಮಬ ಎಂದರೆ 5 × 10 × 4, ಅಂದರೆ 200. ಮಗಳ ಕೈಯಲ್ಲೇ ಈ ಎರಡು ಲೆಕ್ಕವನ್ನೂ ಮಾಡಿಸಿ, ನೀವೇನೂ ಹೇಳಬೇಡಿ. ಅವಳೇ ಪೆನ್ನು ತೆಗೆದುಕೊಂಡು ಹೊಡೆದುಹಾಕುತ್ತಾಳೆ. ಅಕ್ಷರದ ಜಾಗದಲ್ಲಿ ಸಂಖ್ಯೆಯನ್ನು ಇಟ್ಟು ನೋಡುವ ಈ ಕೆಲಸಕ್ಕೆ ಆದೇಶಿಸುವುದು ಎಂದು ಹೆಸರು. ಅದೊಂದು ಅಭ್ಯಾಸ ಬೆಳೆದರೆ ಅರ್ಧದಷ್ಟು ತಪ್ಪುಗಳು ತಾವಾಗಿಯೇ ಉದುರಿಹೋಗುತ್ತವೆ.

ಅಂಕಲಿಪಿ
ಮೇಷ್ಟ್ರೇ, ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. 3ಮ + 2ಮ = 5ಮ ಎಂಬುದನ್ನು ಹಣ್ಣಿನ ಉದಾಹರಣೆಯಿಂದ ಹೇಳಿದಷ್ಟು ಬೇಗ ಬೇರೆ ಯಾವುದರಿಂದಲೂ ಹೇಳಲಾಗದು. ನಾನು ಮನೆಪಾಠ ಹೇಳುವ ಮಕ್ಕಳು ಅದನ್ನು ಅರೆಗಳಿಗೆಯಲ್ಲಿ ಹಿಡಿಯುತ್ತಾರೆ.

ನಿವೃತ್ತ_ಮೇಷ್ಟ್ರು
ಅರೆಗಳಿಗೆಯಲ್ಲಿ ಹಿಡಿಯುವುದು ನಿಜ. ಆದರೆ ಮುಂದಿನ ಪಾಠದಲ್ಲಿ ಮ × ಬ ಬಂದಾಗ ಮಾವನ್ನು ಬಾಳೆಯಿಂದ ಗುಣಿಸುವುದು ಹೇಗೆಂದು ಆ ಮಕ್ಕಳಿಗೆ ಏನು ಹೇಳುತ್ತೀರಿ? ಮ² ಬಂದಾಗ?

ಅಂಕಲಿಪಿ
ಅದಕ್ಕೆ ಉತ್ತರವಿಲ್ಲ, ಒಪ್ಪಿದೆ. ಬೆಲೆ ಎಂದೇ ಹೇಳಿಕೊಟ್ಟು ನೋಡುತ್ತೇನೆ.

ಕೋರ್ಟುಕಚೇರಿ
ಚರಾಕ್ಷರ ಮತ್ತು ಸ್ಥಿರಾಂಕಗಳಿಗೆ ನನ್ನದೊಂದು ಸುಲಭದ ದಾರಿ. ಚರಾಸ್ತಿ, ಸ್ಥಿರಾಸ್ತಿ ಎಂಬ ಮಾತುಗಳನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಒಡವೆ, ದನಕರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಲ್ಲವು, ಹೊಲ ಮನೆ ಇದ್ದಲ್ಲೇ ಇರುತ್ತವೆ. ಹಾಗೆಯೇ 2ಕ + 3 ಎಂಬಲ್ಲಿ ಕ ಚರ, 3 ಸ್ಥಿರ. ನನ್ನ ತಮ್ಮನ ಮಗನಿಗೆ ಹೀಗೆ ಹೇಳಿದ ಮೇಲೆ ಅವನು ಆ ಎರಡು ಶಬ್ದಗಳನ್ನು ಅದಲುಬದಲು ಮಾಡಿಲ್ಲ.

ಬಯಲುಸೀಮೆಯವ
ಹೆಸರು ನೆನಪಿಡಲು ಇದು ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. 2ಕ + 3 = 11 ಎಂದಾಗ ಕ ಎಲ್ಲಿಗೂ ಹೋಗುವುದಿಲ್ಲವಲ್ಲ, 4ರಲ್ಲೇ ಕೂತಿರುತ್ತದೆ.

ಸಂದುಚುಕ್ಕಿ
ನಾನು ಗಣಿತ ಕಲಿಸಿದವಳಲ್ಲ, ಗೃಹಿಣಿ. ಆದರೆ ನನ್ನ ಇಬ್ಬರು ಮಕ್ಕಳಿಗೂ ಈ ವಿಷಯವನ್ನು ರಂಗೋಲಿಯಿಂದಲೇ ಹೇಳಿಕೊಟ್ಟೆ, ಆದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಸಂದು ಚುಕ್ಕಿ 5ರಿಂದ 1 ಎಂದು ರಂಗೋಲಿ ಪುಸ್ತಕದಲ್ಲಿ ಬರೆದಿರುತ್ತದೆ. ನಡುವಿನ ಸಾಲಿನಲ್ಲಿ 5 ಚುಕ್ಕಿ ಇಡಬೇಕು, ಅದರ ಮೇಲೆ ಮತ್ತು ಕೆಳಗೆ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ 4, ಆಮೇಲೆ 3, 2, ಕೊನೆಗೆ 1. ಒಟ್ಟು ಎಷ್ಟಾಯಿತು? 1 + 2 + 3 + 4 + 5 + 4 + 3 + 2 + 1, ಅಂದರೆ 25. 4ರಿಂದ 1 ಇಟ್ಟರೆ 16. 7ರಿಂದ 1 ಇಟ್ಟರೆ 49. ಮಕ್ಕಳು ಎಣಿಸಿ ಎಣಿಸಿ ತಾವೇ ಹೇಳಿದರು: ನಡುವಿನ ಸಾಲಿನಲ್ಲಿ ಎಷ್ಟಿದೆಯೋ ಅದನ್ನು ಅದರಿಂದಲೇ ಗುಣಿಸಿದಷ್ಟು. ಹೊಸಿಲ ಬಳಿ ಕೂತು ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರೆ ಕಾರಣವೂ ಕಾಣುತ್ತದೆ. ಆ ಚುಕ್ಕಿಗಳು ಓರೆಯಾಗಿ ನಿಂತ ಒಂದು ಚೌಕ, ಐದು ಸಾಲು, ಸಾಲಿಗೆ ಐದು.

ನಡುವಿನ ಸಾಲಿನ ಚುಕ್ಕಿಗಳ ಸಂಖ್ಯೆಗೆ ನ ಎಂದು ಹೆಸರಿಟ್ಟರೆ ಒಟ್ಟು ಚುಕ್ಕಿಗಳು ನ × ನ, ಅಂದರೆ ನ². ಇಲ್ಲಿ ನ ಚರಾಕ್ಷರ. ದಿನಕ್ಕೊಂದು ಬೆಲೆ ತೆಗೆದುಕೊಳ್ಳಬಹುದು, ಹಬ್ಬದ ದಿನ 15, ಮಾಮೂಲು ದಿನ 5. ಇದೀಗ ಬೇರೆ ರೀತಿಯ ಪ್ರಶ್ನೆ: ನಾನು ಇವತ್ತು ಒಟ್ಟು 100 ಚುಕ್ಕಿ ಇಟ್ಟಿದ್ದೇನೆ, ಹಾಗಾದರೆ ನಡುವಿನ ಸಾಲಿನಲ್ಲಿ ಎಷ್ಟಿದೆ? ನ² = 100, ಆದ್ದರಿಂದ 10. ಅದೇ ನ, ಆದರೆ ಇಲ್ಲಿ ಬದಲಾಗುತ್ತಿಲ್ಲ, ನಮಗೆ ಕಾಣದಂತೆ ಅಡಗಿದೆ, ನಾವು ಹುಡುಕಬೇಕು. ನಿಮ್ಮ ಮಗಳು ಕೇಳಿದ್ದು ಈ ವ್ಯತ್ಯಾಸವನ್ನೇ ಎಂದು ನನ್ನ ಭಾವನೆ.

ನಿವೃತ್ತ_ಮೇಷ್ಟ್ರು
ತಾಯೀ, ಇದಕ್ಕಿಂತ ಸ್ಪಷ್ಟವಾಗಿ ನಾನು ತರಗತಿಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಬೀಜೋಕ್ತಿಯಲ್ಲಿ ಅಥವಾ ಸೂತ್ರದಲ್ಲಿ ಬರುವ ಅಕ್ಷರ ಅನೇಕ ಬೆಲೆಗಳಿಗೆ ತೆರೆದಿರುತ್ತದೆ, ಅದು ಚರಾಕ್ಷರ. ಸಮೀಕರಣವು ಆ ಅಕ್ಷರಕ್ಕೊಂದು ನಿಬಂಧನೆ ಹಾಕುತ್ತದೆ, ನಿಬಂಧನೆಗೆ ಒಪ್ಪುವ ಬೆಲೆ ಯಾವುದೆಂದು ನಾವು ಹುಡುಕುವಾಗ ಅದೇ ಅಕ್ಷರ ಅವ್ಯಕ್ತವಾಗುತ್ತದೆ. ಅಕ್ಷರ ಒಂದೇ, ಅದು ಮಾಡುವ ಕೆಲಸ ಎರಡು. ಪುಸ್ತಕಗಳು ಎರಡಕ್ಕೂ ಚರಾಕ್ಷರ ಎಂಬ ಒಂದೇ ಶಬ್ದ ಬಳಸುವುದರಿಂದ ಮಗು ತೊಡಕಿನಲ್ಲಿ ಬೀಳುತ್ತದೆ.

ವ್ಯಾಕರಣಪ್ರಿಯೆ
ಬೀಜೋಕ್ತಿಗೂ ಸಮೀಕರಣಕ್ಕೂ ಇರುವ ಅಂತರವನ್ನು ನಾನು ಕನ್ನಡ ವ್ಯಾಕರಣದ ಮೂಲಕ ಹೇಳುತ್ತೇನೆ. “ನನ್ನ ವಯಸ್ಸಿನ ಎರಡರಷ್ಟಕ್ಕಿಂತ ಆರು ಹೆಚ್ಚು” ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವರು “ಸರಿ, ಏನದು?” ಎಂದು ಬಾಯಿ ನೋಡುತ್ತಾರೆ. ಅದು ವಾಕ್ಯವಲ್ಲ, ವಾಕ್ಯದ ಒಂದು ತುಂಡು. 2ಕ + 6 ಎಂಬ ಬೀಜೋಕ್ತಿಯೂ ಅಂಥದೇ ತುಂಡು. “ನನ್ನ ವಯಸ್ಸಿನ ಎರಡರಷ್ಟಕ್ಕಿಂತ ಆರು ಹೆಚ್ಚು ಮಾಡಿದರೆ ಅದು ಅಮ್ಮನ ವಯಸ್ಸಾದ 30ಕ್ಕೆ ಸಮವಾಗುತ್ತದೆ” ಎಂದಾಗ ವಾಕ್ಯ ಪೂರ್ಣವಾಯಿತು: 2ಕ + 6 = 30. ಸಮಚಿಹ್ನೆಯೇ ಇಲ್ಲಿನ ಕ್ರಿಯಾಪದ. ವಾಕ್ಯಕ್ಕೆ ಮಾತ್ರ ನಿಜ, ಸುಳ್ಳು ಎಂಬುದಿದೆ. ಕ 12 ಆದರೆ ಈ ವಾಕ್ಯ ನಿಜ, 10 ಆದರೆ ಸುಳ್ಳು.

ಇದು ಗೊತ್ತಿಲ್ಲದ ಮಗು 2ಕ + 6ನ್ನು ಸಂಕ್ಷೇಪಿಸಿ ಎಂದರೆ ತಾನಾಗಿಯೇ “= 0” ಸೇರಿಸಿ, ಕ = −3 ಎಂದು ಉತ್ತರ ಬರೆದುಬಿಡುತ್ತದೆ. ಬೀಜೋಕ್ತಿಯನ್ನು ಸಂಕ್ಷೇಪಿಸಬಹುದು, ವಿಸ್ತರಿಸಬಹುದು, ಅಪವರ್ತಿಸಬಹುದು. ಬಿಡಿಸಲು ಸಾಧ್ಯವಿರುವುದು ಸಮೀಕರಣವನ್ನು ಮಾತ್ರ. ಪ್ರಶ್ನೆಯಲ್ಲಿರುವ ಕ್ರಿಯಾಪದ ಯಾವುದೆಂದು ಮೊದಲು ಓದಿಸಿ.

ಅಂಕಲಿಪಿ
ಸಮಚಿಹ್ನೆಯ ಮಾತು ಬಂದದ್ದು ಒಳ್ಳೆಯದಾಯಿತು. 8 + 4 = __ + 5 ಎಂದು ಬರೆದು ಖಾಲಿ ಜಾಗ ತುಂಬಲು ಹೇಳಿ ನೋಡಿ. ಬಹಳಷ್ಟು ಮಕ್ಕಳು 12 ಎಂದು ಬರೆಯುತ್ತಾರೆ. ಒಂದನೆಯ ತರಗತಿಯಿಂದಲೂ ಸಮಚಿಹ್ನೆ ಎಂದರೆ “ಈಗ ಉತ್ತರ ಬರೆ” ಎಂಬ ಅಪ್ಪಣೆಯೆಂದೇ ಅವರು ತಿಳಿದಿರುತ್ತಾರೆ. ಎರಡೂ ಕಡೆ ಒಂದೇ ಬೆಲೆ ಎಂಬ ಅರ್ಥ ಗಟ್ಟಿಯಾಗದೆ ಸಮೀಕರಣ ಹೇಳಿಕೊಡುವುದು ತಳಪಾಯವಿಲ್ಲದೆ ಗೋಡೆ ಎಬ್ಬಿಸಿದಂತೆ. ಈ ಚಿಹ್ನೆಯನ್ನು ಮೊದಲು ಅಚ್ಚಿಗೆ ತಂದವರು ರಾಬರ್ಟ್ ರೆಕಾರ್ಡ್, 1557ರಲ್ಲಿ. ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದ ವಸ್ತುಗಳಿಲ್ಲ ಎಂಬುದು ಅವರು ಕೊಟ್ಟ ಕಾರಣ. ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ ಚಿಹ್ನೆಯ ಅರ್ಥ ಮರೆಯುವುದಿಲ್ಲ.

ಹೊಸಶಿಕ್ಷಕ_ಕಲಬುರಗಿ
ಒಂದು ಕಷ್ಟವನ್ನು ಹೇಳಿಕೊಳ್ಳುತ್ತೇನೆ. 3ಕ, 5ಕ ಇವುಗಳಂತೆ ಅಕ್ಷರಭಾಗ ಒಂದೇ ಆಗಿರುವ ಪದಗಳನ್ನು ಪುಸ್ತಕದಲ್ಲಿ ಸಜಾತಿ ಪದಗಳು ಎನ್ನುತ್ತಾರೆ, 3ಕ, 2ಖ ಇವುಗಳಂಥವನ್ನು ವಿಜಾತಿ ಪದಗಳು. “ಸಜಾತಿ ಪದಗಳನ್ನು ಮಾತ್ರ ಕೂಡಿಸಬಹುದು, ವಿಜಾತಿ ಪದಗಳನ್ನು ಕೂಡಿಸಲಾಗದು” ಎಂದು ಕಪ್ಪುಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಇಬ್ಬರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮುಂದಿನ ಮಾತೇ ಹೊರಡಲಿಲ್ಲ. ಆ ಶಬ್ದವನ್ನು ಪಠ್ಯದಿಂದ ತೆಗೆಯಬೇಕು ಎಂದು ನನ್ನ ದೃಢ ಅಭಿಪ್ರಾಯ. “ಒಂದೇ ಬಗೆಯ ಪದಗಳು” ಎಂದರೆ ಏನು ಕಡಿಮೆಯಾಗುತ್ತದೆ?

ಓಲೆಗರಿ
ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಶಬ್ದದ ಹಿನ್ನೆಲೆಯನ್ನೂ ಹೇಳಬೇಕು. ಗಣಿತದಲ್ಲಿ ಜಾತಿ ಎಂದರೆ ಬಗೆ ಎಂದಷ್ಟೇ ಅರ್ಥ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಗ್ರಂಥ ಬರೆದ ಮಹಾವೀರಾಚಾರ್ಯನು ಭಿನ್ನರಾಶಿಗಳ ಬಗೆಗಳನ್ನು ಭಾಗಜಾತಿ ಮೊದಲಾದ ಹೆಸರುಗಳಿಂದ ಕರೆಯುತ್ತಾನೆ. ಎರಡನೆಯ ಭಾಸ್ಕರಾಚಾರ್ಯನು ಸುಮಾರು 1150ರಲ್ಲಿ ಬೀಜಗಣಿತವನ್ನು ಬರೆದಾಗ, ಸಮಾನ ಜಾತಿಯ ಪದಗಳಿಗೆ ಕೂಡುವಿಕೆ ಕಳೆಯುವಿಕೆ ಉಂಟು, ಭಿನ್ನ ಜಾತಿಯವನ್ನು ಬೇರೆಬೇರೆಯಾಗಿ ಇಡಬೇಕು ಎಂದು ಹೇಳಿದ್ದಾನೆ. ಮೂಲ ಪ್ರಶ್ನೆಯಲ್ಲಿರುವ 3ಕ + 2ಖಕ್ಕೆ ಇದೇ ಉತ್ತರ: ಅದನ್ನು ಹಾಗೆಯೇ ಬಿಡಬೇಕು, ಅದೇ ಕೊನೆಯ ರೂಪ.

ಇನ್ನೂ ಒಂದು ಸೊಗಸಾದ ಸಂಗತಿ. ನಮ್ಮ ಹಳೆಯ ಗಣಿತಜ್ಞರು ಮೊದಲನೆಯ ಅವ್ಯಕ್ತವನ್ನು ಯಾವತ್ ತಾವತ್, ಅಂದರೆ “ಎಷ್ಟಿದೆಯೋ ಅಷ್ಟು” ಎಂದು ಕರೆದು ಚಿಕ್ಕದಾಗಿ ಯಾ ಎಂದು ಬರೆಯುತ್ತಿದ್ದರು. ಎರಡನೆಯ, ಮೂರನೆಯ ಅವ್ಯಕ್ತಗಳು ಬಂದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ, ಅದಕ್ಕೆ ಕಾ, ನೀ, ಪೀ. ಸ್ಥಿರಾಂಕಕ್ಕೆ ರೂಪ, ಚಿಕ್ಕದಾಗಿ ರೂ. ಇಂದು ನಾವು 5ಕ + 3 ಎನ್ನುವುದು ಅವರಲ್ಲಿ “ಯಾ 5 ರೂ 3” ಆಗುತ್ತಿತ್ತು. ಬಣ್ಣಕ್ಕೂ ಅಕ್ಷರಕ್ಕೂ ವರ್ಣ ಎಂಬ ಒಂದೇ ಶಬ್ದ ಇರುವುದನ್ನು ಗಮನಿಸಿ. ಹಾಗಾಗಿ ಶರಾವತಿ_ತೀರ ಅವರು ಟೈಪ್ ಮಾಡುವ ಅನುಕೂಲಕ್ಕೆಂದು ಕ, ಖ ಬರೆದದ್ದು ಹೊಸದೇನೂ ಅಲ್ಲ.

ಹೊಸಶಿಕ್ಷಕ_ಕಲಬುರಗಿ
ಇತಿಹಾಸ ಹೇಳಿದ್ದಕ್ಕೆ ಕೃತಜ್ಞತೆಗಳು, ಇದರಲ್ಲಿ ಬಹಳಷ್ಟು ನನಗೆ ಹೊಸದು. ಆದರೂ ಹನ್ನೆರಡು ವರ್ಷದ ಮಗು ಶಬ್ದವನ್ನು ಕೇಳುವುದು ಭಾಸ್ಕರಾಚಾರ್ಯನ ಕಿವಿಯಿಂದಲ್ಲ, ತನ್ನ ಊರಿನ ಕಿವಿಯಿಂದ. ನನ್ನ ತರಗತಿಯಲ್ಲಿ “ಒಂದೇ ಬಗೆಯ ಪದ” ಎಂದೇ ಹೇಳುತ್ತೇನೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಸಜಾತಿ ಎಂದಿರುತ್ತದೆ ಎಂಬುದನ್ನೂ ತಿಳಿಸಿರುತ್ತೇನೆ.

ವ್ಯಾಕರಣಪ್ರಿಯೆ
ನಾನು ಹೊಸಶಿಕ್ಷಕರ ಪರ. ಜೊತೆಗೆ, ಪದ ಎಂಬ ಶಬ್ದವೂ ಮಕ್ಕಳನ್ನು ಕಾಡುತ್ತದೆ. ಕನ್ನಡ ತರಗತಿಯಲ್ಲಿ ಪದ ಎಂದರೆ ಅಕ್ಷರಗಳ ಗುಂಪು, ಗಣಿತದ ತರಗತಿಯಲ್ಲಿ ಕೂಡುವ ಅಥವಾ ಕಳೆಯುವ ಚಿಹ್ನೆಗಳು ಬೇರ್ಪಡಿಸಿದ ತುಂಡು. 3ಕಖ ಒಂದೇ ಪದ, 3ಕ + ಖ ಎರಡು ಪದ. ಇದನ್ನು ಬೇರೆಯಾಗಿಯೇ ಹೇಳಬೇಕು.

ಸಹ್ಯಾದ್ರಿ_83
ಸಹಗುಣಕದ ಬಗ್ಗೆ ಯಾರೂ ಹೇಳಲಿಲ್ಲ. 3ಕ ಎಂಬಲ್ಲಿ ಕ ದ ಸಹಗುಣಕ 3. ಬರೀ ಕ ಎಂದಿದ್ದರೆ ಸಹಗುಣಕ 1, −ಕ ಎಂದಿದ್ದರೆ −1. ಇದನ್ನು ಅರೆಬರೆ ಕೇಳಿಸಿಕೊಂಡ ಮಕ್ಕಳು “ಅಕ್ಷರದ ಹಿಂದೆ ಏನೂ ಇಲ್ಲದಿದ್ದರೆ ಅದರ ಬೆಲೆ 1” ಎಂದು ತಿಳಿಯುತ್ತಾರೆ. ಬೆಲೆಯೇ ಬೇರೆ, ಸಹಗುಣಕವೇ ಬೇರೆ. ಇನ್ನೊಂದು: ಕ = 5 ಆದಾಗ 2ಕ ಎಂದರೆ 10, 25 ಅಲ್ಲ. ಪಕ್ಕಪಕ್ಕ ಬರೆದರೆ ಗುಣಾಕಾರ ಎಂಬ ನಿಯಮ ಅಕ್ಷರಗಳಿಗೆ ಹೊಸದು, ಮಕ್ಕಳಿಗೆ ಅದುವರೆಗೆ ಪಕ್ಕಪಕ್ಕ ಎಂದರೆ ಹತ್ತರ ಸ್ಥಾನ, ಬಿಡಿ ಸ್ಥಾನ.

ಕೋರ್ಟುಕಚೇರಿ
−ಕ ಎಂದರೆ ಋಣ ಸಂಖ್ಯೆ ತಾನೇ?

ಸಹ್ಯಾದ್ರಿ_83
ಯಾವಾಗಲೂ ಅಲ್ಲ. ಕ = −4 ಆದರೆ −ಕ ಎಂದರೆ ಧನ 4. ಮುಂದೆ ಇರುವ ಗೆರೆ “ವಿರುದ್ಧ ಚಿಹ್ನೆಯದು” ಎಂದಷ್ಟೇ ಹೇಳುತ್ತದೆ. ಧನ, ಋಣ ಎಂಬ ಶಬ್ದಗಳ ಹಿಂದೆಯೂ ಆಸ್ತಿ ಸಾಲಗಳ ಕಲ್ಪನೆಯೇ ಇದೆ. ಬ್ರಹ್ಮಗುಪ್ತನು 628ರಲ್ಲಿ ಅವುಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಬರೆದಿಟ್ಟಿದ್ದಾನೆ. ಸಾಲದ ವಿರುದ್ಧ ಆಸ್ತಿ.

ಬಯಲುಸೀಮೆಯವ
ಸಮೀಕರಣ ಬಿಡಿಸುವುದಕ್ಕೆ ಪಕ್ಷಾಂತರವನ್ನೇ ಮೊದಲು ಹೇಳಿಕೊಡಿ. ರಾಜಕೀಯದಲ್ಲಿ ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುವಂತೆ ಇಲ್ಲಿಯೂ ಎಡಭಾಗದಿಂದ ಬಲಭಾಗಕ್ಕೆ ಹೋದ ಪದದ ಚಿಹ್ನೆ ಬದಲಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ನಿವೃತ್ತ_ಮೇಷ್ಟ್ರು
ನೆನಪಿಗೆ ಒಳ್ಳೆಯದು, ತಿಳಿವಳಿಕೆಗೆ ಅಪಾಯ. ಅದನ್ನೇ ಮೊದಲು ಕಲಿತ ಮಗು 3ಕ = 12 ಎಂಬಲ್ಲಿ 3ನ್ನೂ ಪಕ್ಷಾಂತರ ಮಾಡಿ ಕ = 12 − 3 = 9 ಎನ್ನುತ್ತದೆ. 9ರ ಮೂರರಷ್ಟು 27, 12 ಅಲ್ಲ. ಮೊದಲು ತಕ್ಕಡಿ ತೋರಿಸಬೇಕು. ನಾನು ಸಂತೆಯಿಂದ ತಂದ ಹಳೆಯ ತಕ್ಕಡಿಯೊಂದನ್ನು ಶಾಲೆಯಲ್ಲಿ ಇಟ್ಟುಕೊಂಡಿದ್ದೆ. ಒಂದು ತಟ್ಟೆಯಲ್ಲಿ ಬಾಯಿ ಕಟ್ಟಿದ ಎರಡು ತೆಳು ಬಟ್ಟೆಯ ಚೀಲಗಳು ಮತ್ತು 3 ಗೋಲಿಗಳು, ಇನ್ನೊಂದರಲ್ಲಿ 11 ಗೋಲಿಗಳು. ಮುಳ್ಳು ನೆಟ್ಟಗೆ ನಿಂತಿದೆ. ಒಂದು ಕಡೆಯಿಂದ 3 ಗೋಲಿ ತೆಗೆದಾಗ ತಟ್ಟೆ ವಾಲುತ್ತದೆ, “ಆ ಕಡೆಯಿಂದಲೂ ತೆಗೀರಿ ಸಾರ್” ಎಂದು ಮಕ್ಕಳೇ ಕೂಗುತ್ತಾರೆ. ಎರಡು ಚೀಲಕ್ಕೆ 8, ಒಂದು ಚೀಲಕ್ಕೆ 4. ಚೀಲ ಬಿಚ್ಚಿ ಎಣಿಸಿದರೆ ತಾಳೆ ನೋಡಿದಂತೆಯೂ ಆಯಿತು. ಎರಡೂ ಕಡೆಗೆ ಒಂದೇ ಕೆಲಸ ಮಾಡು ಎಂಬುದು ಕೈಗೆ ಹತ್ತಿದ ಮೇಲೆ ಪಕ್ಷಾಂತರ ಅದರದೇ ಚುಟುಕು ಬರವಣಿಗೆ ಎಂದು ತಿಳಿಯುತ್ತದೆ.

ಅಂಕಲಿಪಿ
ಈ ಸಲ ನನ್ನ ಸರದಿ. 2ಕ + 11 = 3 ಎಂಬ ಸಮೀಕರಣವನ್ನು ನಿಮ್ಮ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ? ಕ = −4 ಬರುತ್ತದೆ, ಋಣ ಗೋಲಿಗಳನ್ನು ಚೀಲಕ್ಕೆ ತುಂಬುವುದು ಹೇಗೆ?

ನಿವೃತ್ತ_ಮೇಷ್ಟ್ರು
ತೂಗಲಾಗದು, ಸರಿಯಾದ ಪ್ರಶ್ನೆ. ತಕ್ಕಡಿ ಮೊದಲ ಒಂದು ವಾರಕ್ಕೆ. ಆ ಹೊತ್ತಿಗೆ ನಿಯಮ ಕೈವಶವಾಗಿರುತ್ತದೆ, ಆಮೇಲೆ ತಕ್ಕಡಿಯನ್ನು ಬದಿಗಿಟ್ಟು ನಿಯಮವನ್ನೇ ನಂಬಿ ನಡೆಯಬೇಕು.

ನ್ಯೂಜೆರ್ಸಿಯ_ಕನ್ನಡತಿ
ತಡವಾಗಿ ಸೇರುತ್ತಿದ್ದೇನೆ. ನನ್ನ ಮಗ ಇಲ್ಲಿ ಇಂಗ್ಲಿಷಿನಲ್ಲಿ ಬೀಜಗಣಿತ ಕಲಿಯುತ್ತಿದ್ದಾನೆ. ಒಂದು ಸಂಖ್ಯೆಗಿಂತ 5 ಕಡಿಮೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವಾಗ 5 ಮೊದಲು ಬರುತ್ತದೆ, ಸಂಖ್ಯೆ ಕೊನೆಗೆ. ಅವನು ಕೇಳಿದ ಕ್ರಮದಲ್ಲೇ 5 − ಕ ಎಂದು ಬರೆಯುತ್ತಿದ್ದ. ಒಂದು ಸಂಜೆ ಅದನ್ನೇ ಕನ್ನಡದಲ್ಲಿ ಹೇಳಿದೆ: “ಕ ಗಿಂತ 5 ಕಡಿಮೆ.” ಕ ಮೊದಲು, 5 ಆಮೇಲೆ, ಕೊನೆಗೆ ಕಡಿಮೆ. ತಕ್ಷಣ ಕ − 5 ಎಂದು ಬರೆದ. ನಮ್ಮ ನುಡಿಯ ವಾಕ್ಯಕ್ರಮ ಇಂಥ ಕಡೆ ಮಗುವಿನ ಕೈಹಿಡಿದು ನಡೆಸುತ್ತದೆ ಎಂಬುದನ್ನು ಕಂಡು ನನಗೆ ತುಂಬ ಸಂತೋಷವಾಯಿತು.

ವ್ಯಾಕರಣಪ್ರಿಯೆ
ಸುಂದರವಾದ ಗಮನಿಕೆ, ಆದರೆ ಎಲ್ಲ ಕಡೆಯೂ ಹಾಗಿಲ್ಲ. “ಒಬ್ಬ ಶಿಕ್ಷಕರಿಗೆ 6 ವಿದ್ಯಾರ್ಥಿಗಳಂತೆ ಇದ್ದಾರೆ” ಎಂಬ ವಾಕ್ಯಕ್ಕೆ ಸಮೀಕರಣ ಬರೆಯಲು ಹೇಳಿ. ಶಿಕ್ಷಕರ ಸಂಖ್ಯೆ ಶ, ವಿದ್ಯಾರ್ಥಿಗಳ ಸಂಖ್ಯೆ ವ. ದೊಡ್ಡವರೂ ಶ = 6ವ ಎಂದು ಬರೆಯುತ್ತಾರೆ. ಶಿಕ್ಷಕರು 2 ಎಂದು ಆದೇಶಿಸಿ ನೋಡಿದರೆ ವಿದ್ಯಾರ್ಥಿಗಳು 12 ಇರಬೇಕು, ಆದ್ದರಿಂದ ವ = 6ಶ. ಇಲ್ಲಿಯೂ ಬೇರು ಒಂದೇ: ವ ಎಂದರೆ ವಿದ್ಯಾರ್ಥಿ ಎಂದು ಓದಿಕೊಂಡರು, ವಿದ್ಯಾರ್ಥಿಗಳ ಸಂಖ್ಯೆ ಎಂದು ಓದಲಿಲ್ಲ.

ಶರಾವತಿ_ತೀರ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ದಿನ ಇದನ್ನೆಲ್ಲ ಪ್ರಯತ್ನಿಸಿ ಈಗ ಬರೆಯುತ್ತಿದ್ದೇನೆ. ಮಾವು ಬಾಳೆಯ ಬೆಲೆ ಹಾಕಿಸಿದಾಗ 38 ಮತ್ತು 200 ಬಂದದ್ದನ್ನು ನೋಡಿ ಅವಳು ಒಂದು ನಿಮಿಷ ಸುಮ್ಮನಿದ್ದು, 5ಕಖವನ್ನು ತಾನೇ ಹೊಡೆದುಹಾಕಿದಳು. “ಹಾಗಾದರೆ ಉತ್ತರ ಏನು?” ಎಂದು ಕೇಳಿದಳು. 3ಕ + 2ಖ ಎಂಬುದೇ ಉತ್ತರ ಎಂದರೆ ನಂಬಲು ಅವಳಿಗೆ ಒಂದು ದಿನ ಬೇಕಾಯಿತು. ಕೂಡುವ ಚಿಹ್ನೆ ಉಳಿದಿದ್ದರೆ ಲೆಕ್ಕ ಮುಗಿದಿಲ್ಲ ಎಂದೇ ಅವಳು ಇದುವರೆಗೆ ತಿಳಿದಿದ್ದಳಂತೆ.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಸಂದು ಚುಕ್ಕಿ 6ರಿಂದ 1 ಇಟ್ಟು ಎಣಿಸಿದೆವು, 36 ಬಂತು. 100 ಚುಕ್ಕಿಯ ಪ್ರಶ್ನೆಗೂ ಬೇಗ ಉತ್ತರ ಹೇಳಿ, “ಇಲ್ಲಿ ನ ಚರಾಕ್ಷರವಲ್ಲ, ಅಡಗಿಕೊಂಡಿದೆ” ಎಂದಳು. ಆಮೇಲೆ ತಾನೇ ಒಂದು ಪ್ರಶ್ನೆ ಹಾಕಿಕೊಂಡಳು: 50 ಚುಕ್ಕಿಗಳಿದ್ದರೆ? ಅದಕ್ಕೆ ಏನು ಹೇಳಬೇಕು?

ಸಂದುಚುಕ್ಕಿ
7ರಿಂದ 1 ಇಡಲು ಹೇಳಿ. 49 ಚುಕ್ಕಿ ಮುಗಿದು ಕೈಯಲ್ಲಿ ಒಂದು ಚುಕ್ಕಿಯಷ್ಟು ಪುಡಿ ಉಳಿಯುತ್ತದೆ. 8ರಿಂದ 1ಕ್ಕೆ ಇನ್ನೂ 14 ಚುಕ್ಕಿ ಬೇಕು. ನ² = 50 ಎಂಬುದಕ್ಕೆ ರಂಗೋಲಿಯಲ್ಲಿ ಉತ್ತರವಿಲ್ಲ ಎಂದು ಅವಳಿಗೇ ಕಾಣುತ್ತದೆ. 7ಕ್ಕೂ 8ಕ್ಕೂ ನಡುವೆ ಅಂಥದೊಂದು ಸಂಖ್ಯೆ ಇದೆಯೇ ಎಂದು ಅವಳು ಕೇಳಿದರೆ ಮೇಷ್ಟ್ರನ್ನು ಕರೆಯಿರಿ.

ನಿವೃತ್ತ_ಮೇಷ್ಟ್ರು
ಇದೆ ಎಂದು ಹೇಳಿ. 7.07ನ್ನು ಅದರಿಂದಲೇ ಗುಣಿಸಲು ಕೊಡಿ, ಮಿಕ್ಕಿದ್ದನ್ನು ಅವಳೇ ಕೇಳುತ್ತಾಳೆ.